ಅನುಮಾನಕ್ಕೊಂದು ಗಡುವು

ಕ್ಯಾನ್ಸರ್ ಆಸ್ಪತ್ರೆಯ ತಜ್ಞರ ಮುಂದೆ ಬಂದು ಕೂರುವವರಲ್ಲಿ ಹೆಚ್ಚಿನವರಿಗೆ ರೋಗ ಆಗಲೇ ಖಚಿತವಾಗಿರುತ್ತದೆ, ಇಲ್ಲವೇ ಅದರ ಬಗ್ಗೆ ಬಲವಾದ ಸಂಶಯ ಮೂಡಿರುತ್ತದೆ. ಆದರೆ ರೋಗಿ ಮೊದಲು ಕಾಲಿಡುವ ಊರಿನ ಕ್ಲಿನಿಕ್ಕಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಕುಟುಂಬ ವೈದ್ಯರ ಕೊಠಡಿಯಲ್ಲಿ ಪರಿಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿರುತ್ತದೆ. ಬ್ರಿಟನ್ನಿನಲ್ಲಿ ಪೂರ್ಣಾವಧಿ ಕೆಲಸ ಮಾಡುವ ಒಬ್ಬ ಕುಟುಂಬ ವೈದ್ಯರು ವರ್ಷಕ್ಕೆ ಸರಾಸರಿ 8 ಮಂದಿ ಹೊಸ ಕ್ಯಾನ್ಸರ್ ರೋಗಿಗಳನ್ನು ಕಾಣುತ್ತಾರೆ ಎಂಬುದು ಅಲ್ಲಿನ ವೈದ್ಯಕೀಯ ವಲಯದಲ್ಲಿ ಎಲ್ಲರೂ ಬಳಸುವ ಲೆಕ್ಕ. ಅದೇ ವರ್ಷ ಅದೇ ವೈದ್ಯರ ಬಳಿಗೆ ಕೆಮ್ಮು, ಸುಸ್ತು, ಹೊಟ್ಟೆ ಉಬ್ಬರ, ಬೆನ್ನುನೋವು, ಮಲಬದ್ಧತೆ ಎಂದು ಬಂದುಹೋಗುವವರ ಸಂಖ್ಯೆ ಸಾವಿರಾರು. ಆ 8 ಮಂದಿ ಹೇಳುವ ಮಾತೂ ಉಳಿದ ಸಾವಿರಾರು ಮಂದಿ ಹೇಳುವ ಮಾತೂ ಮೊದಲ ದಿನ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಯಾರನ್ನು ಔಷಧ ಕೊಟ್ಟು ಮನೆಗೆ ಕಳಿಸಬೇಕು, ಯಾರಿಗೆ ಯಾವ ಪರೀಕ್ಷೆಯನ್ನು ಎಷ್ಟು ಬೇಗ ಮಾಡಿಸಬೇಕು ಎಂಬ ತೀರ್ಮಾನ ವೈದ್ಯವಿದ್ಯೆಯ ಅತಿ ಕಠಿಣವಾದ ತೀರ್ಮಾನಗಳಲ್ಲೊಂದಾಗಿದೆ. ಅದನ್ನು ತೆಗೆದುಕೊಳ್ಳಬೇಕಾದ ಸ್ಥಳದಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸ್ಟೆತಸ್ಕೋಪು, ಒಂದು ತೂಕದ ಯಂತ್ರ, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಇನ್ನೂ ಮೂವತ್ತು ಮಂದಿ.

ಇಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರನ್ನು ವಯಸ್ಸಿನ ಆಧಾರದ ಮೇಲೆ ಕರೆದು ಪರೀಕ್ಷಿಸುವುದು ತಪಾಸಣೆ ಅಥವಾ ಸ್ಕ್ರೀನಿಂಗ್. ಭಾರತದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿಗಾಗಿ ಆಶಾ ಕಾರ್ಯಕರ್ತೆಯರ ಮೂಲಕ ನಡೆಸುವ ಕಾರ್ಯಕ್ರಮ ಈ ಬಗೆಯದು. ತೊಂದರೆ ಕಾಣಿಸಿಕೊಂಡು ತಾನಾಗಿ ವೈದ್ಯರ ಬಳಿಗೆ ಬಂದವನಿಗೆ ಆ ತೊಂದರೆಯ ಮೂಲ ಏನೆಂದು ಹುಡುಕಲು ಮಾಡುವುದು ರೋಗನಿರ್ಣಯ ಪರೀಕ್ಷೆ. ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಇವೆರಡೂ ಒಂದೇ ಉಸಿರಿನಲ್ಲಿ ಬೆರೆತುಹೋಗುತ್ತವೆ. ಶಿಬಿರಗಳ ಫೋಟೋ ಅಚ್ಚಾಗುತ್ತದೆ, ಆದರೆ ಎಲ್ಲ ದೇಶಗಳಲ್ಲೂ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನ ಪತ್ತೆಯಾಗುವುದು ಯಾವ ಶಿಬಿರದಲ್ಲೂ ಅಲ್ಲ, ಏನೋ ಒಂದು ತೊಂದರೆ ಹೊತ್ತು ತಾವೇ ವೈದ್ಯರ ಬಳಿಗೆ ಹೋದಾಗ. ಈ ಲೇಖನಕ್ಕೆ ಸಂಬಂಧಿಸಿದ್ದು ಎರಡನೆಯ ಬಗೆಯ ಪರೀಕ್ಷೆ ಮಾತ್ರ.

ಲಕ್ಷಣಗಳ ತೂಕ ಎಷ್ಟೆಂಬುದನ್ನು ಅಳೆಯುವ ಪ್ರಯತ್ನ ಬಹುಕಾಲ ಆಸ್ಪತ್ರೆಗಳಲ್ಲೇ ನಡೆಯಿತು, ಆದುದರಿಂದ ಉತ್ತರಗಳೂ ಆಸ್ಪತ್ರೆಗೆ ಹೊಂದುವಂಥವೇ ಆಗಿದ್ದವು. ಕಫದಲ್ಲಿ ರಕ್ತ ಕಂಡು ಶ್ವಾಸಕೋಶ ತಜ್ಞರ ತನಕ ಬಂದವರಲ್ಲಿ ಕ್ಯಾನ್ಸರ್ ಇರುವವರ ಪಾಲು ದೊಡ್ಡದು. ಅದೇ ಲಕ್ಷಣದಿಂದ ಕುಟುಂಬ ವೈದ್ಯರ ಬಳಿಗೆ ಬಂದವರಲ್ಲಿ ಆ ಪಾಲು ಎಷ್ಟು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಸ್ವತಃ ಕುಟುಂಬ ವೈದ್ಯರಾಗಿದ್ದ ವಿಲಿಯಂ ಹ್ಯಾಮಿಲ್ಟನ್ ಮತ್ತು ಅವರ ಸಹೋದ್ಯೋಗಿಗಳು 2000ದ ದಶಕದಲ್ಲಿ ಕ್ಯಾನ್ಸರ್ ರೋಗಿಗಳ ಹಳೆಯ ಕಡತಗಳನ್ನು ತೆಗೆದು, ರೋಗ ಪತ್ತೆಯಾಗುವುದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಅವರು ತಮ್ಮ ವೈದ್ಯರಿಗೆ ಏನೇನು ಹೇಳಿದ್ದರೆಂಬುದನ್ನು ಸಾಲುಸಾಲಾಗಿ ಓದಿ, ಅದೇ ವಯಸ್ಸಿನ ಕ್ಯಾನ್ಸರ್ ಇಲ್ಲದವರ ಕಡತಗಳೊಂದಿಗೆ ಹೋಲಿಸಿದರು. ಒಂದು ಲಕ್ಷಣವುಳ್ಳ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ನಿಜವಾಗಿ ರೋಗವಿರುತ್ತದೆ ಎಂಬ ಪ್ರಮಾಣಕ್ಕೆ ಆ ಲಕ್ಷಣದ ಮುನ್ಸೂಚನಾ ಮೌಲ್ಯ ಎನ್ನುತ್ತಾರೆ. ಅವರ ಲೆಕ್ಕದಲ್ಲಿ 40 ದಾಟಿದವರಲ್ಲಿ ಕೆಮ್ಮು ಮಾತ್ರ ಇದ್ದಾಗ ಶ್ವಾಸಕೋಶ ಕ್ಯಾನ್ಸರಿನ ಸಂಭವ ಶೇ 0.4, ಎಂದರೆ ಸಾವಿರಕ್ಕೆ ನಾಲ್ಕು. ಕೇಳಿದವರೆಲ್ಲ ಬೆಚ್ಚಿಬೀಳುವ ರಕ್ತಕಫದಲ್ಲೂ ಅದು ಶೇ 2.4 ಮಾತ್ರ. ಎರಡು ಮೂರು ಲಕ್ಷಣಗಳು ಒಟ್ಟಿಗೆ ಸೇರಿದಾಗ, ಅಥವಾ ಅದೇ ಲಕ್ಷಣ ಎರಡನೆಯ, ಮೂರನೆಯ ಭೇಟಿಯಲ್ಲೂ ಮುಂದುವರಿದಾಗ ಈ ಸಂಖ್ಯೆ ಏರುತ್ತದೆ. ಹೀಗಾಗಿ ಮೊದಲ ಭೇಟಿಯಲ್ಲಿ ಸುಮ್ಮನಿದ್ದ ವೈದ್ಯರು ತಪ್ಪು ಮಾಡಿದರೆಂದು ಹೇಳಲಾಗದಿದ್ದರೂ, ಮೂರನೆಯ ಭೇಟಿಯಲ್ಲೂ ಅದೇ ಸಿರಪ್ ಬರೆದವರ ಬಗ್ಗೆ ಹಾಗೆ ಹೇಳುವುದು ಕಷ್ಟ.

ಇದೇ ಗುಂಪಿನವರ ಇನ್ನೊಂದು ಶೋಧ ಕನ್ನಡ ಓದುಗರಿಗೆ ಕುತೂಹಲ ಹುಟ್ಟಿಸುವಂಥದ್ದು. ಡೆಂಗಿ ಜ್ವರದ ಕಾಲದಲ್ಲಿ ಪ್ಲೇಟ್‌ಲೆಟ್ ಎಂಬ ಪದ ಹಳ್ಳಿಯ ಕಟ್ಟೆಯವರೆಗೂ ಬಂದಿದೆ, ಅದರ ಸಂಖ್ಯೆ ಇಳಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಆದರೆ ಅದು ನಾಲ್ಕು ಲಕ್ಷಕ್ಕಿಂತ ಮೇಲೇರಿದ ರಿಪೋರ್ಟನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ಪ್ರಕಾರ, 40 ದಾಟಿದವರ ಪೈಕಿ ಹೀಗೆ ಪ್ಲೇಟ್‌ಲೆಟ್ ಏರಿದ್ದ ಗಂಡಸರಲ್ಲಿ ಶೇ 11.6 ಮಂದಿಗೂ ಹೆಂಗಸರಲ್ಲಿ ಶೇ 6.2 ಮಂದಿಗೂ ಮುಂದಿನ ಒಂದು ವರ್ಷದೊಳಗೆ ಯಾವುದಾದರೊಂದು ಕ್ಯಾನ್ಸರ್ ಪತ್ತೆಯಾಯಿತು. ಈ ಅಂಕಿಯನ್ನು ನೇರವಾಗಿ ಇಲ್ಲಿಗೆ ತಂದು ಹೊಂದಿಸುವಂತಿಲ್ಲ, ಏಕೆಂದರೆ ಕಬ್ಬಿಣಾಂಶದ ಕೊರತೆ ಮತ್ತು ಸೋಂಕುಗಳಿಂದಲೂ ಪ್ಲೇಟ್‌ಲೆಟ್ ಏರುತ್ತದೆ, ಇವೆರಡೂ ನಮ್ಮಲ್ಲಿ ಹೇರಳವಾಗಿವೆ. ಆದರೂ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ, ನೂರಿನ್ನೂರು ರೂಪಾಯಿಯ ರಕ್ತಪರೀಕ್ಷೆಯ ಹಾಳೆಯಲ್ಲಿ ಒಂದು ಸುಳಿವು ತಾನಾಗಿ ಬಂದು ಕುಳಿತಿರಬಹುದೆಂಬ ಎಚ್ಚರ ಯಾವ ದೇಶದ ವೈದ್ಯರಿಗೂ ಉಪಯುಕ್ತ.

ಸಂಭವ ಎಷ್ಟಿದ್ದರೆ ಪರೀಕ್ಷೆಗೆ ಕಳಿಸಬೇಕು ಎಂಬುದಕ್ಕೆ ವಿಜ್ಞಾನ ಉತ್ತರ ಕೊಡುವುದಿಲ್ಲ. ಅದನ್ನು ಸಮಾಜ ನಿರ್ಧರಿಸಬೇಕಾಗುತ್ತದೆ. ಚಿಕಿತ್ಸೆಯ ಮಾನದಂಡಗಳನ್ನು ರೂಪಿಸುವ ಬ್ರಿಟನ್ನಿನ ಸಂಸ್ಥೆಯಾದ ನೈಸ್, 2015ರ ತನ್ನ ಮಾರ್ಗಸೂಚಿಯಲ್ಲಿ ಈ ಗೆರೆಯನ್ನು ಶೇ 3ಕ್ಕೆ ಇಳಿಸಿತು. ಅದಕ್ಕೆ ಹಿಂದಿನ ಶಿಫಾರಸುಗಳು ಹೆಚ್ಚುಕಡಿಮೆ ಶೇ 5ರ ಆಸುಪಾಸಿನಲ್ಲಿದ್ದವು. ಗೆರೆ ಇಳಿದಷ್ಟೂ ಹೆಚ್ಚು ರೋಗಿಗಳು ಬೇಗ ಸಿಗುತ್ತಾರೆ, ಜೊತೆಗೆ ರೋಗವಿಲ್ಲದೆ ಸ್ಕ್ಯಾನಿಂಗಿಗೂ ಎಂಡೋಸ್ಕೋಪಿಗೂ ಹೋಗಿ ಎರಡು ವಾರ ನಿದ್ದೆಗೆಡುವವರೂ ಹೆಚ್ಚುತ್ತಾರೆ. ಇಂಗ್ಲೆಂಡಿನಲ್ಲಿ ತುರ್ತಾಗಿ ಕ್ಯಾನ್ಸರ್ ವಿಭಾಗಕ್ಕೆ ಕಳಿಸಲ್ಪಡುವ ನೂರು ಮಂದಿಯಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು ಆರೇಳು ಮಂದಿ ಮಾತ್ರ. ಉಳಿದವರ ವಿಷಯದಲ್ಲಿ ವ್ಯವಸ್ಥೆ ಸೋತಿದೆಯೆಂದು ಭಾವಿಸುವುದು ಸರಿಯಲ್ಲ. ಅವರಿಗೂ ಒಂದು ಉತ್ತರ ಸಿಕ್ಕಿದೆ, ಅದೂ ಗೊತ್ತುಪಡಿಸಿದ ದಿನಗಳೊಳಗೆ.

ಮೊದಲ ವೈದ್ಯರ ಕೈಗೇ ಒಂದು ಒಳ್ಳೆಯ ಪರೀಕ್ಷೆ ಸಿಕ್ಕಿದರೆ ಈ ಇಕ್ಕಟ್ಟು ಎಷ್ಟು ಸಡಿಲವಾಗುತ್ತದೆ ಎಂಬುದಕ್ಕೆ ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಬಳಸುವ ಮಲಪರೀಕ್ಷೆಯೇ ಉತ್ತಮ ನಿದರ್ಶನ. ಮಲವಿಸರ್ಜನೆಯ ಅಭ್ಯಾಸ ಬದಲಾಗುವುದು, ಹೊಟ್ಟೆನೋವಿನೊಂದಿಗೆ ತೂಕ ಇಳಿಯುವುದು, ಮಲದೊಂದಿಗೆ ರಕ್ತ ಹೋಗುವುದು, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇವುಗಳ ಹಿಂದೆ ಕರುಳಿನ ಗೆಡ್ಡೆ ಇರಬಹುದು. ಆದರೆ ಬಹುತೇಕರಲ್ಲಿ ಇರುವುದಿಲ್ಲ. ಖಚಿತ ಉತ್ತರ ಕೊಡುವ ಕೊಲೊನೊಸ್ಕೋಪಿಗೆ, ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಕ್ಕೆ ಕಳಿಸಿ ಇಡೀ ದೊಡ್ಡ ಕರುಳನ್ನು ನೋಡುವ ವಿಧಾನಕ್ಕೆ, ಹಿಂದಿನ ದಿನ ಭೇದಿ ಔಷಧ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು, ತರಬೇತಾದ ತಜ್ಞರು ಬೇಕು, ಬಹಳ ವಿರಳವಾಗಿಯಾದರೂ ಕರುಳಿಗೆ ತೂತು ಬೀಳುವ ಅಪಾಯವಿದೆ. ಎಲ್ಲರನ್ನೂ ಅದಕ್ಕೇ ಕಳಿಸುತ್ತ ಹೋದರೆ ಸರದಿ ತಿಂಗಳುಗಟ್ಟಲೆ ಬೆಳೆದು, ನಿಜವಾದ ರೋಗಿಯೂ ಅದೇ ಸರದಿಯ ಬಾಲದಲ್ಲಿ ನಿಲ್ಲಬೇಕಾಗುತ್ತದೆ.

ಫಿಟ್ ಎಂಬ ಕಿರುಹೆಸರಿನಿಂದ ಕರೆಯಲಾಗುವ ಮಲಪರೀಕ್ಷೆಯ ಸಾಧನ ಹೆಬ್ಬೆರಳಿನಷ್ಟು ಗಾತ್ರದ ಒಂದು ಪ್ಲಾಸ್ಟಿಕ್ ಸೀಸೆ. ಅದರ ಮುಚ್ಚಳಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಕಡ್ಡಿ ಇರುತ್ತದೆ, ಕಡ್ಡಿಯ ತುದಿಯಲ್ಲಿ ಸ್ಕ್ರೂವಿನ ಹಾಗೆ ಗೀರುಗಳಿರುತ್ತವೆ. ರೋಗಿ ಮನೆಯಲ್ಲೇ ಮಲದ ಮೇಲೆ ಆ ತುದಿಯನ್ನು ಅಲ್ಲಲ್ಲಿ ಕೆರೆದು, ಗೀರುಗಳು ತುಂಬಿದ ಮೇಲೆ ಸೀಸೆಯೊಳಕ್ಕೆ ತಳ್ಳಿ ಮುಚ್ಚಿಬಿಟ್ಟರೆ, ಸೀಸೆಯ ಕಿರಿದಾದ ಕೊರಳು ಹೆಚ್ಚಾದ ಮಲವನ್ನು ಹೊರಗೇ ಒರಸಿಹಾಕಿ, ಒಳಗಿನ ದ್ರಾವಣಕ್ಕೆ ಸುಮಾರು 10 ಮಿಲಿಗ್ರಾಂ ಮಾತ್ರ ಸೇರುವಂತೆ ಮಾಡುತ್ತದೆ. ಚೀಟಿಯ ಮೇಲೆ ತಾರೀಖು ಬರೆದು ಅಂಚೆಗೆ ಹಾಕಿದರೆ ರೋಗಿಯ ಕೆಲಸ ಮುಗಿಯಿತು. ಪ್ರಯೋಗಾಲಯದಲ್ಲಿ ಮನುಷ್ಯರ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಭಾಗಕ್ಕೆ ಮಾತ್ರ ಅಂಟುವ ಪ್ರತಿಕಾಯಗಳ ನೆರವಿನಿಂದ ರಕ್ತದ ಅಂಶವನ್ನು ಅಳೆಯುತ್ತಾರೆ. ಹಳೆಯ ಬಗೆಯ ಪರೀಕ್ಷೆ ತಿಂದ ಮಾಂಸದ ರಕ್ತಕ್ಕೂ ಕೆಲವು ತರಕಾರಿಗಳಿಗೂ ಮೋಸಹೋಗುತ್ತಿತ್ತು, ಅದಕ್ಕಾಗಿ ರೋಗಿ ಕೆಲವು ದಿನ ಪಥ್ಯ ಮಾಡಬೇಕಿತ್ತು; ಇದಕ್ಕೆ ಪಥ್ಯ ಬೇಡ. ಜಠರದ ಕಡೆಯಿಂದ ಬಂದ ರಕ್ತದಲ್ಲಿನ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗಿಬಿಡುವುದರಿಂದ, ಪರೀಕ್ಷೆಯಲ್ಲಿ ಸಿಕ್ಕಿದ ರಕ್ತ ಬಹುಮಟ್ಟಿಗೆ ದೊಡ್ಡ ಕರುಳಿನದೇ ಎಂದು ತಿಳಿಯಬಹುದು.

ಒಂದು ಗ್ರಾಂ ಮಲದಲ್ಲಿ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಕಂಡುಬಂದರೆ ತುರ್ತಾಗಿ ಕೊಲೊನೊಸ್ಕೋಪಿಗೆ ಕಳಿಸಬೇಕೆಂದು ನೈಸ್ 2023ರಲ್ಲಿ ಸ್ಪಷ್ಟ ಸೂಚನೆ ನೀಡಿತು. ಅದಕ್ಕಿಂತ ಕಡಿಮೆಯಿದ್ದರೆ ಕರುಳಿನ ಕ್ಯಾನ್ಸರ್ ಇರುವ ಸಂಭವ ಶೇ 1ಕ್ಕಿಂತ ಬಹಳ ಕೆಳಗಿರುತ್ತದೆ. ಆದರೆ ಕೆಳಗಿರುವುದು ಎಂದರೆ ಶೂನ್ಯವೆಂದಲ್ಲ, ಈ ಪರೀಕ್ಷೆಯೂ ಹತ್ತರಲ್ಲಿ ಸುಮಾರು ಒಂದು ಕ್ಯಾನ್ಸರನ್ನು ತಪ್ಪಿಸಿಕೊಳ್ಳಲು ಬಿಡುತ್ತದೆ. ವೈದ್ಯರ ಬೆರಳಿಗೆ ಗುದನಾಳದಲ್ಲಿ ಗಡ್ಡೆಯೇ ತಾಗಿದರೆ ಸೀಸೆಯ ಫಲಿತಾಂಶಕ್ಕೆ ಕಾಯಬಾರದೆಂದು ಅದೇ ಸೂಚನೆಯಲ್ಲಿದೆ.

ಈ ಸೀಸೆಯನ್ನು ಹಾಗೆಯೇ ತಂದು ರಾಯಚೂರಿನಲ್ಲಿಟ್ಟರೆ ಏನಾಗಬಹುದೆಂಬುದು ಯೋಚಿಸಬೇಕಾದ ವಿಷಯ. ಬಿಸಿಲಿನ ತಾಪಕ್ಕೆ ಮಾದರಿಯಲ್ಲಿರುವ ಹಿಮೋಗ್ಲೋಬಿನ್ ಒಡೆದುಹೋಗುತ್ತದೆ, ಆದುದರಿಂದ ಏಪ್ರಿಲ್ ತಿಂಗಳಲ್ಲಿ ಎರಡು ದಿನ ಬಸ್ಸಿನಲ್ಲೋ ಟಪಾಲಿನ ಚೀಲದಲ್ಲೋ ಕುಳಿತ ಸೀಸೆ ಇರುವ ರಕ್ತವನ್ನೂ ಇಲ್ಲವೆಂದು ಹೇಳೀತು. ಕೊಕ್ಕೆಹುಳು, ಆಮಶಂಕೆ, ಮೂಲವ್ಯಾಧಿ ಹೆಚ್ಚಿರುವಲ್ಲಿ ಇಲ್ಲದ ಗಾಬರಿಯನ್ನೂ ಅದು ಹುಟ್ಟಿಸೀತು. ಅದಕ್ಕಿಂತ ಮುಖ್ಯವಾಗಿ, ಭಾರತದಲ್ಲಿ ಕರುಳಿನ ಕ್ಯಾನ್ಸರಿನ ಪ್ರಮಾಣ ಬ್ರಿಟನ್ನಿಗಿಂತ ಸಾಕಷ್ಟು ಕಡಿಮೆಯಿರುವುದರಿಂದ ಅದೇ 10 ಮೈಕ್ರೊಗ್ರಾಮಿಗೆ ಇಲ್ಲಿ ಅದೇ ಅರ್ಥ ಉಳಿಯುವುದಿಲ್ಲ. ಒಂದು ಜನಸಮುದಾಯದಲ್ಲಿ ಅಳೆದ ಸಂಭವವನ್ನು ಇನ್ನೊಂದಕ್ಕೆ ಎರವಲು ತರುವಾಗ ಮಾರ್ಗಸೂಚಿ ಬರೆಯುವವರು ಬಹಳ ಸಲ ಮರೆಯುವ ಸಂಗತಿ ಇದು. ನಮ್ಮಲ್ಲಿ ಕರುಳಿನ ಕ್ಯಾನ್ಸರುಗಳಲ್ಲಿ ಗುದನಾಳದ ಪಾಲು ಹೆಚ್ಚು, ರೋಗಿಗಳ ವಯಸ್ಸೂ ಕಡಿಮೆ. ಅಂದಮೇಲೆ ಕೈಗವಸು ತೊಟ್ಟ ತೋರುಬೆರಳಿನ ಪರೀಕ್ಷೆಗೆ ಇಲ್ಲಿ ಸೀಸೆಗಿಂತ ದೊಡ್ಡ ಸ್ಥಾನವಿರಬೇಕಿತ್ತು. ಆದರೆ ರಕ್ತ ಎಂದೊಡನೆ ಪೈಲ್ಸ್ ಎಂದು ರೋಗಿಯೇ ತೀರ್ಮಾನಿಸಿಕೊಂಡು ಬರುವುದು, ಸಂಕೋಚದಿಂದ ಅವನು ತೋರಿಸದಿರುವುದು, ಅವಸರದಿಂದ ವೈದ್ಯರು ನೋಡದಿರುವುದು, ಗೋಡೆಗೋಡೆಗಳ ಮೇಲೆ ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸುವ ಬರಹ ಕಾಣುವುದು, ಇವೆಲ್ಲ ಸೇರಿ ಒಂದು ನಿಮಿಷದ, ಖರ್ಚಿಲ್ಲದ ಪರೀಕ್ಷೆ ತಿಂಗಳುಗಟ್ಟಲೆ ಮುಂದೂಡಲ್ಪಡುತ್ತದೆ.

ಪರೀಕ್ಷೆ ಮಾಡಿಸುವುದರಷ್ಟೇ ತೂಕದ ಇನ್ನೊಂದು ಪ್ರಶ್ನೆ, ಅದು ಸರಿಯಾಗಿದೆಯೆಂದು ಬಂದಾಗ ಏನು ಮಾಡಬೇಕೆಂಬುದು. ಶ್ವಾಸಕೋಶ ಕ್ಯಾನ್ಸರ್ ಇರುವವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರ ಎದೆಯ ಎಕ್ಸ್-ರೇಯಲ್ಲಿ ಅದು ಕಾಣುವುದೇ ಇಲ್ಲವೆಂದು ಹಲವು ಅಧ್ಯಯನಗಳಿಂದ ತಿಳಿದುಬಂದಿದೆ. ಗೆಡ್ಡೆ ಹೃದಯದ ನೆರಳಿನ ಹಿಂದೆಯೋ ಪಕ್ಕೆಲುಬಿನ ಮರೆಯಲ್ಲೋ ಅಡಗಿರಬಹುದು. ಎಕ್ಸ್-ರೇ ನಾರ್ಮಲ್ ಇದೆ ಎಂಬ ಮಾತು ಕಿವಿಗೆ ಬಿದ್ದ ರೋಗಿ ನೆಮ್ಮದಿಯಿಂದ ಮನೆಗೆ ಹೋಗಿ, ಕೆಮ್ಮು ಮುಂದುವರಿದರೂ ಒಮ್ಮೆ ತೋರಿಸಿಯಾಗಿದೆಯಲ್ಲ ಎಂದು ಸುಮ್ಮನಾಗುತ್ತಾನೆ. ಈ ಕಾರಣದಿಂದ ಬ್ರಿಟನ್ನಿನ ವೈದ್ಯಶಿಕ್ಷಣದಲ್ಲಿ ಸೇಫ್ಟಿ ನೆಟ್ಟಿಂಗ್ ಎಂಬ ಒಂದು ರೂಢಿಗೆ ಒತ್ತು ಕೊಡುತ್ತಾರೆ. ಹಗ್ಗದ ಮೇಲೆ ನಡೆಯುವವನ ಕೆಳಗೆ ಹಿಡಿಯುವ ಬಲೆಯಿಂದ ಬಂದ ಹೆಸರು. ಇನ್ನೂ ಯಾವುದರ ಅನುಮಾನ ಉಳಿದಿದೆ, ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಆಗದಿದ್ದರೆ ಯಾವಾಗ ಮರಳಬೇಕು, ರಿಪೋರ್ಟನ್ನು ಯಾರು ತರಿಸಿ ನೋಡುತ್ತಾರೆ ಎಂಬುದನ್ನು ರೋಗಿಗೆ ಬಾಯಲ್ಲಿ ಹೇಳಿ ಕಡತದಲ್ಲಿ ಬರೆದಿಡುವುದೇ ಆ ರೂಢಿ. ಕಡಿಮೆಯಾಗದಿದ್ದರೆ ಬನ್ನಿ ಎಂಬ ಮಾತು ಎಲ್ಲ ಕ್ಲಿನಿಕ್ಕುಗಳಲ್ಲೂ ಕೇಳಿಬರುತ್ತದೆ. ಅದಕ್ಕೆ ಮೂರು ವಾರ ಎಂಬ ಎರಡು ಪದ ಸೇರಿದಾಗ ಮಾತ್ರ ಅದು ವೈದ್ಯಕೀಯ ಸಲಹೆಯಾಗುತ್ತದೆ.

ಕಾಲಕ್ಕೆ ಲೆಕ್ಕ ಇಡುವ ಈ ಪದ್ಧತಿ ಬ್ರಿಟನ್ನಿಗೂ ಡೆನ್ಮಾರ್ಕಿಗೂ ಬಂದದ್ದು ಅವಮಾನದ ಮೂಲಕ. 1990ರ ದಶಕದ ಕೊನೆಯ ಹೊತ್ತಿಗೆ ಯುರೋಪಿನ ದೇಶಗಳ ಕ್ಯಾನ್ಸರ್ ನೋಂದಣಿಗಳನ್ನು ಒಟ್ಟಿಗಿಟ್ಟು ನೋಡಿದಾಗ, ಈ ಎರಡು ಶ್ರೀಮಂತ ದೇಶಗಳ ರೋಗಿಗಳು ನೆರೆಯ ದೇಶಗಳವರಷ್ಟು ಕಾಲ ಬದುಕುತ್ತಿಲ್ಲವೆಂಬುದು ಬಯಲಾಯಿತು. ಎರಡು ಕಡೆಯೂ ಕುಟುಂಬ ವೈದ್ಯರೇ ಆಸ್ಪತ್ರೆಯ ಬಾಗಿಲು ಕಾಯುವವರು. ಅವರ ಚೀಟಿಯಿಲ್ಲದೆ ತಜ್ಞರನ್ನು ಕಾಣುವಂತಿಲ್ಲ. ಇಂಗ್ಲೆಂಡಿನಲ್ಲಿ 1999ರಲ್ಲಿ ಸ್ತನ ಕ್ಯಾನ್ಸರಿಗೂ 2000ದಲ್ಲಿ ಉಳಿದವಕ್ಕೂ, ಅನುಮಾನವಿರುವ ರೋಗಿಯನ್ನು ತಜ್ಞರು ಎರಡು ವಾರದೊಳಗೆ ನೋಡಬೇಕೆಂಬ ನಿಯಮ ಬಂದಿತು. ಅದರ ದೋಷ ನಿಧಾನವಾಗಿ ಅರಿವಿಗೆ ಬಂದಿತು: ಹದಿಮೂರನೆಯ ದಿನ ತಜ್ಞರು ಒಮ್ಮೆ ಮುಖ ನೋಡಿಬಿಟ್ಟರೆ ನಿಯಮ ಪಾಲನೆಯಾದಂತೆಯೇ, ಮುಂದೆ ಸ್ಕ್ಯಾನಿಂಗಿಗೆ ಎಷ್ಟು ವಾರ ಕಾದರೂ ಆ ಲೆಕ್ಕಕ್ಕೆ ಅದು ಸೇರುತ್ತಿರಲಿಲ್ಲ. ಆದುದರಿಂದ 2021ರಲ್ಲಿ 28 ದಿನಗಳ ಹೊಸ ಮಾನದಂಡ ಜಾರಿಗೆ ಬಂದು, 2023ರ ಅಕ್ಟೋಬರಿನಲ್ಲಿ ಎರಡು ವಾರದ ಗುರಿಯನ್ನು ಕೈಬಿಡಲಾಯಿತು. ಹೊಸ ಗಡಿಯಾರ ನಿಲ್ಲುವುದು ತಜ್ಞರನ್ನು ಕಂಡಾಗಲ್ಲ, ಪರೀಕ್ಷೆ ಮುಗಿದಾಗಲೂ ಅಲ್ಲ. ಕ್ಯಾನ್ಸರ್ ಇದೆ ಅಥವಾ ಇಲ್ಲ ಎಂಬ ಮಾತನ್ನು ರೋಗಿಗೆ ತಿಳಿಸಿದ ದಿನ. ಆರಂಭದಲ್ಲಿ ಗುರಿಯಿಟ್ಟದ್ದು ನೂರರಲ್ಲಿ 75 ಮಂದಿಗಾದರೂ ಈ ಅವಧಿಯಲ್ಲಿ ಉತ್ತರ ಸಿಗಬೇಕೆಂದು.

ಡೆನ್ಮಾರ್ಕಿನವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿದರು. ಆರ್ಹುಸ್ ವಿಶ್ವವಿದ್ಯಾಲಯದ ಪೀಟರ್ ವೆಡ್‌ಸ್ಟೆಡ್ ಮತ್ತು ಫ್ರೆಡೆ ಓಲೆಸೆನ್ ಅವರು, ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಗಂಟು, ರಕ್ತಸ್ರಾವದಂಥ ಎಚ್ಚರಿಕೆಯ ಲಕ್ಷಣಗಳೊಂದಿಗೆ ಬರುತ್ತಾರೆಂಬುದನ್ನು ಗಮನಕ್ಕೆ ತಂದರು. ಗಂಟಿದ್ದವರಿಗೆ ತುರ್ತು ದಾರಿ ಹಾಕಿಕೊಟ್ಟರೆ ಉಳಿದರ್ಧ ಮಂದಿ, ಎಂದರೆ ಹಸಿವಿಲ್ಲ, ತೂಕ ಇಳಿದಿದೆ, ಏನೋ ಸರಿಯಿಲ್ಲ ಎನ್ನುವವರು, ಒಂದು ವಿಭಾಗದಿಂದ ಇನ್ನೊಂದಕ್ಕೆ ಅಲೆಯುತ್ತಿರಬೇಕಾಗುತ್ತದೆ. ಮೂಳೆಮಜ್ಜೆಯಲ್ಲಿ ಹುಟ್ಟುವ ಮೈಲೋಮಾ ಎಂಬ ಕ್ಯಾನ್ಸರ್ ಹೀಗೆ ಅಲೆಸುವುದರಲ್ಲಿ ಕುಖ್ಯಾತ: ಬೆನ್ನುನೋವು ಮತ್ತು ಸುಸ್ತು, ಅಷ್ಟೇ. ಇಂಗ್ಲೆಂಡಿನಲ್ಲಿ ಮೈಲೋಮಾ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಜ್ಞರ ಬಳಿಗೆ ಹೋಗುವ ಮೊದಲು ಕುಟುಂಬ ವೈದ್ಯರನ್ನು ಮೂರು ಅಥವಾ ಹೆಚ್ಚು ಸಲ ಕಂಡಿದ್ದರೆಂದು 2012ರ ಒಂದು ವಿಶ್ಲೇಷಣೆ ತೋರಿಸಿತು. ಸ್ತನ ಕ್ಯಾನ್ಸರಿನಲ್ಲಿ ಆ ಪ್ರಮಾಣ ಶೇ 10ಕ್ಕಿಂತ ಕಡಿಮೆ. ಡೆನ್ಮಾರ್ಕಿನವರ ಪರಿಹಾರ ಮೂರು ಕಾಲಿನದು: ಎಚ್ಚರಿಕೆಯ ಲಕ್ಷಣಕ್ಕೆ ಆಯಾ ಅಂಗದ ತುರ್ತು ದಾರಿ, ಅಸ್ಪಷ್ಟವಾದರೂ ಗಂಭೀರವೆನಿಸುವ ಲಕ್ಷಣಕ್ಕೆ ಎಲ್ಲ ಪರೀಕ್ಷೆಗಳೂ ಒಂದೆಡೆ ನಡೆಯುವ ರೋಗನಿರ್ಣಯ ಕೇಂದ್ರ, ಇನ್ನು ಸಾಧಾರಣ ಲಕ್ಷಣಕ್ಕೆ ಕುಟುಂಬ ವೈದ್ಯರೇ ನೇರವಾಗಿ ಸ್ಕ್ಯಾನಿಂಗಿಗೋ ಎಂಡೋಸ್ಕೋಪಿಗೋ ಬರೆದು, ಹೌದು ಅಥವಾ ಇಲ್ಲ ಎಂಬ ಉತ್ತರ ಬೇಗ ಪಡೆಯುವ ಅನುಕೂಲ. ಅನುಭವಿ ವೈದ್ಯರ ಏನೋ ಸರಿಯಿಲ್ಲ ಎಂಬ ಅನಿಸಿಕೆಯನ್ನೂ ಪರೀಕ್ಷೆಗೆ ಕಳಿಸಲು ತಕ್ಕ ಕಾರಣವೆಂದು ಒಪ್ಪಿಕೊಂಡದ್ದು ಈ ಏರ್ಪಾಡಿನ ಸೊಗಸು.

ಕರ್ನಾಟಕಕ್ಕೆ ಬಂದರೆ ಮೊದಲ ವೈದ್ಯರು ಯಾರೆಂಬುದೇ ಮೊದಲ ತೊಡಕು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಆದರೆ ಜನ ಅಲ್ಲಿಗೆ ಹೋಗುವ ಮೊದಲು ಮೆಡಿಕಲ್ ಸ್ಟೋರಿನವರನ್ನು, ಸಂಜೆ ಬಾಗಿಲು ತೆರೆಯುವ ಕ್ಲಿನಿಕ್ಕನ್ನು, ನಾಟಿ ಔಷಧ ಕೊಡುವವರನ್ನು ಸುತ್ತಿರುತ್ತಾರೆ, ಅದಾವುದಕ್ಕೂ ಕಡತವಿರುವುದಿಲ್ಲ. ಮೂರನೆಯ ಭೇಟಿಯಲ್ಲಿ ಎಚ್ಚರವಾಗಬೇಕೆಂಬ ಬ್ರಿಟನ್ನಿನ ಬುದ್ಧಿವಾದ, ಪ್ರತಿ ಭೇಟಿಯೂ ಬೇರೆಬೇರೆ ಬಾಗಿಲಿನಲ್ಲಿ ನಡೆಯುವ ಕಡೆ ಯಾರಿಗೆ ತಲುಪಬೇಕು? 2022ರಲ್ಲಿ ಭಾರತದಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳಿದ್ದವೆಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಅಂದಾಜಿಸಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಿಗೆ ರೋಗಿಗಳು ಮುಂದುವರಿದ ಹಂತದಲ್ಲಿ ಬರುತ್ತಾರೆಂಬ ದೂರು ಹಳೆಯದು, ಆ ವಿಳಂಬವನ್ನು ಜನರ ಅಜ್ಞಾನದ ತಲೆಗೆ ಕಟ್ಟುವ ಚಾಳಿಯೂ ಅಷ್ಟೇ ಹಳೆಯದು.

ವಿಳಂಬಕ್ಕೆ ಜನರ ಅಜ್ಞಾನವೊಂದೇ ಕಾರಣವಲ್ಲವೆಂಬುದು ಬಾಯಿಯ ಕ್ಯಾನ್ಸರಿನಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಇಲ್ಲಿ ಮೊದಲ ಹಂತದ ಹುಡುಕಾಟಕ್ಕೆ ಬೇಕಾದದ್ದು ಒಂದು ಟಾರ್ಚು ಮತ್ತು ಕೆನ್ನೆಯನ್ನು ಎಳೆದು ನೋಡಲು ಒಂದು ಚಪ್ಪಟೆ ಕಡ್ಡಿ. ಕೆನ್ನೆಯ ಒಳಗೆ ಒರಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಟ್ಟಿ ಅಂಚಿನ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ತೆರೆಯುವುದು ಕಡಿಮೆಯಾಗುವುದು ಇವು ನೋಡಬೇಕಾದ ಗುರುತುಗಳು. ರೋಗಿ ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ತೂರಿಸಲಾಗದಿದ್ದರೆ ಬಾಯಿಯ ಒಳಪದರ ನಾರುಗಟ್ಟುತ್ತಿದೆಯೆಂದು ಶಂಕಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ವಾಕ್ಯ ಎಷ್ಟು ಜಗಳಕ್ಕೆ ಕಾರಣವಾಗಿದೆಯೆಂಬುದು ಬೇರೆಯೇ ಲೇಖನದ ವಿಷಯ. ಚೂಪಾದ ಹಲ್ಲು ತಾಗಿ ಹುಣ್ಣಾಗಿರಬಹುದೆನಿಸಿದರೆ ಹಲ್ಲನ್ನು ಉಜ್ಜಿ ನುಣುಪು ಮಾಡಿ ಎರಡು ವಾರ ಕಾಯಬಹುದು, ಅಷ್ಟರಲ್ಲಿ ಮಾಯದಿದ್ದರೆ ಜೀವಾಂಶ ಪರೀಕ್ಷೆ ಅಥವಾ ಬಯಾಪ್ಸಿ, ಎಂದರೆ ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅನಿವಾರ್ಯ. ಬಿ ಕಾಂಪ್ಲೆಕ್ಸ್ ಮಾತ್ರೆ ಮತ್ತು ಹಚ್ಚುವ ಜೆಲ್ಲು ಬದಲಾಯಿಸುತ್ತ ಮೂರು ತಿಂಗಳು ಕಳೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ತೆಗೆದ ತುಣುಕು ಸರಿಯಾದ ದ್ರಾವಣದಲ್ಲಿ ಹೋಗಬೇಕೆಂಬುದೂ ಸಣ್ಣ ವಿಷಯವಲ್ಲ: ಅದರ ಗಾತ್ರದ ಹತ್ತು ಪಟ್ಟಾದರೂ ಶೇ 10ರ ಫಾರ್ಮಲಿನ್ ಇರುವ ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಬೇಕು, ಕೈಗೆ ಸಿಕ್ಕಿದ ಸಲೈನಿನಲ್ಲೋ ಹತ್ತಿಯಲ್ಲಿ ಸುತ್ತಿಯೋ ಕಳಿಸಿದರೆ ಅಂಗಾಂಶ ದಾರಿಯಲ್ಲೇ ಕೊಳೆತು, ರೋಗಿ ಮತ್ತೊಮ್ಮೆ ಕತ್ತರಿಗೆ ಬಾಯಿ ಒಡ್ಡಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಅತಿರೇಕವೂ ನಗರಗಳಲ್ಲಿ ಬೆಳೆದಿದೆ. ಹಬ್ಬದ ರಿಯಾಯಿತಿಯೆಂದು ಮಾರಾಟವಾಗುವ ಇಡೀ ದೇಹದ ತಪಾಸಣೆಯ ಪ್ಯಾಕೇಜುಗಳಲ್ಲಿ ಟ್ಯೂಮರ್ ಮಾರ್ಕರ್ ಎಂಬ ರಕ್ತಪರೀಕ್ಷೆಗಳು ಸೇರಿರುತ್ತವೆ. ಸಿಎ-125 ಎಂಬ ಮಾರ್ಕರನ್ನೇ ತೆಗೆದುಕೊಂಡರೆ, 50 ದಾಟಿದ ಮಹಿಳೆಗೆ ಹೊಟ್ಟೆ ಉಬ್ಬರ ಬಿಡದೆ ಕಾಡುತ್ತಿದ್ದಾಗ ಕುಟುಂಬ ವೈದ್ಯರು ಅದನ್ನು ಮಾಡಿಸಿ, 35 ಅಥವಾ ಹೆಚ್ಚು ಬಂದರೆ ಸ್ಕ್ಯಾನಿಂಗಿಗೆ ಕಳಿಸುವುದು ಅಂಡಾಶಯದ ಕ್ಯಾನ್ಸರ್ ಹುಡುಕಲು ಒಪ್ಪಿತವಾದ ಕ್ರಮ. ಅದೇ ಪರೀಕ್ಷೆಯನ್ನು ಯಾವ ತೊಂದರೆಯೂ ಇಲ್ಲದ ಮೂವತ್ತರ ಮಹಿಳೆಗೆ ಮಾಡಿಸಿದರೆ ಮುಟ್ಟು, ಎಂಡೊಮೆಟ್ರಿಯೋಸಿಸ್, ಗರ್ಭ ಯಾವುದಕ್ಕೂ ಅದು ಏರಬಹುದಾದ್ದರಿಂದ ಸಿಗುವುದು ಉತ್ತರವಲ್ಲ, ಹೊಸ ಚಿಂತೆ. ಕೇಳಲು ಪ್ರಶ್ನೆಯಿಲ್ಲದೆ ಮಾಡಿಸಿದ ಪರೀಕ್ಷೆಗೆ ಹಣ ಕೊಟ್ಟ ಮನೆಯವರೇ, ಋತುಬಂಧವಾಗಿ ವರ್ಷಗಳಾದ ತಾಯಿಗೆ ಮತ್ತೆ ರಕ್ತಸ್ರಾವ ಕಾಣಿಸಿಕೊಂಡಾಗ ಉಷ್ಣ ಎಂದು ಎಳನೀರು ಕುಡಿಸಿ ಸುಮ್ಮನಾಗುವುದುಂಟು. ಅಂಥ ಸ್ರಾವವಿರುವ ಹತ್ತು ಮಹಿಳೆಯರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಮೇಲೆ ಹೇಳಿದ ಶೇ 3ರ ಗೆರೆಯ ಪಕ್ಕದಲ್ಲಿಟ್ಟು ನೋಡಿದರೆ, ಕಾಯಬಾರದ ಲಕ್ಷಣ ಯಾವುದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಭಾರತದ ಮೊದಲ ವೈದ್ಯರನ್ನು ಬ್ರಿಟನ್ನಿನವರಿಗಿಂತ ಹೆಚ್ಚು ದಾರಿತಪ್ಪಿಸುವುದು ಕ್ಷಯರೋಗ. ಕೆಮ್ಮು, ತೂಕ ಇಳಿಯುವುದು, ರಕ್ತಕಫ, ಎಕ್ಸ್-ರೇಯಲ್ಲಿ ಒಂದು ನೆರಳು, ಇಷ್ಟೂ ಎರಡು ರೋಗಗಳಿಗೂ ಸಮಾನ; ಕುತ್ತಿಗೆಯ ಗಂಟು ಕ್ಷಯದ್ದೂ ಇರಬಹುದು, ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾದ್ದೂ ಇರಬಹುದು. ಇಲ್ಲಿ ಕ್ಷಯವೇ ಹೆಚ್ಚಾಗಿರುವುದರಿಂದ ವೈದ್ಯರ ಮನಸ್ಸು ಮೊದಲು ಅತ್ತ ಹೊರಳುವುದು ತಪ್ಪಲ್ಲ. ತಪ್ಪಾಗುವುದು ಕಫದಲ್ಲಿ ಕ್ರಿಮಿ ಸಿಗದಿದ್ದರೂ ಎಕ್ಸ್-ರೇ ನೋಡಿಯೇ ಆರು ತಿಂಗಳ ಔಷಧ ಆರಂಭಿಸಿ, ಎರಡು ತಿಂಗಳಾದರೂ ನೆರಳು ಕರಗದಿದ್ದಾಗ ಇನ್ನಷ್ಟು ಕಾಯುವುದರಲ್ಲಿ; ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಗಣನೀಯ ಪಾಲು ಜನ ಮೊದಲು ಕ್ಷಯದ ಮಾತ್ರೆ ನುಂಗಿರುತ್ತಾರೆಂಬುದು ಭಾರತದ ಹಲವು ಆಸ್ಪತ್ರೆಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಗಂಟಿನ ವಿಷಯದಲ್ಲಿ ಇನ್ನೊಂದು ಅಪಾಯವಿದೆ: ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕುಗ್ಗಿ, ರೋಗಿ ಗುಣವಾದನೆಂಬ ಭ್ರಮೆ ಹುಟ್ಟುತ್ತದೆ, ಆಮೇಲೆ ತೆಗೆದ ತುಣುಕಿನಲ್ಲೂ ರೋಗದ ಚಹರೆ ಅಳಿಸಿಹೋಗಿರುತ್ತದೆ.

ಕ್ಷಯದ ಮಟ್ಟಿಗೆ ಈ ದೇಶ ಮೊದಲ ಹಂತದ ಪರೀಕ್ಷೆಯನ್ನು ಹಳ್ಳಿಯವರೆಗೆ ಒಯ್ದಿದೆಯೆಂಬುದನ್ನು ಮರೆಯುವಂತಿಲ್ಲ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಬ್ಯಾಟರಿಚಾಲಿತ ಯಂತ್ರ ಕಫದಲ್ಲಿ ಕ್ಷಯಕ್ರಿಮಿಯ ಡಿಎನ್‌ಎ ಇದೆಯೇ ಎಂಬುದನ್ನು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೂ ಅದನ್ನಿಡಬಹುದು. ಎರಡು ವಾರ ಮೀರಿದ ಕೆಮ್ಮಿನ ರೋಗಿಯಲ್ಲಿ ಕ್ರಿಮಿ ಸಿಕ್ಕಿದರೆ ನಿಕ್ಷಯ್ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಚಿಕಿತ್ಸೆಯ ಲೆಕ್ಕ ತೆರೆದುಕೊಳ್ಳುತ್ತದೆ; ಪೌಷ್ಟಿಕ ಆಹಾರಕ್ಕೆಂದು ತಿಂಗಳ ಹಣ ಅವನ ಖಾತೆಗೆ ಬರುತ್ತದೆ, ಮಾತ್ರೆ ತಪ್ಪಿಸಿದರೆ ಆರೋಗ್ಯ ಕಾರ್ಯಕರ್ತರು ಮನೆಯ ಬಾಗಿಲಿಗೇ ಬಂದು ಕೇಳುತ್ತಾರೆ. ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತಿದ್ದ, ಮೂವತ್ತು ವರ್ಷ ಬೀಡಿ ಸೇದಿದ ಇನ್ನೊಬ್ಬನ ಕಫದಲ್ಲಿ ಕ್ರಿಮಿ ಇಲ್ಲವೆಂದು ಬಂದರೆ, ಕ್ಷಯ ಕಾರ್ಯಕ್ರಮದ ಪುಸ್ತಕದಲ್ಲಿ ಅವನ ಸಾಲು ಇಲ್ಲ ಎಂಬ ಪದದೊಂದಿಗೆ ಮುಗಿಯುತ್ತದೆ. ಅದರ ಮುಂದಿನ ಅಂಕಣದಲ್ಲಿ ಎದೆಯ ಸಿಟಿ ಸ್ಕ್ಯಾನಿನ ತಾರೀಖನ್ನು ಬರೆಯಬೇಕಾದವರು ಯಾರೆಂದು ಯಾವ ಸುತ್ತೋಲೆಯೂ ಅವನಿಗೆ ಹೇಳಿರುವುದಿಲ್ಲ, ಅವನು ಕೆಮ್ಮುತ್ತಲೇ ಬಸ್ಸು ಹತ್ತುತ್ತಾನೆ.